ಚುಕ್ಕಿ ನಡೆದು ಬರುವಷ್ಟು

ಕದಿರಪ್ಪನಿಗೆ ಬೇಕಾಗಿದ್ದದ್ದು ನಿದ್ದೆಯೊಂದೇ. ಆದರೆ ಜಗಲಿಯ ಮೇಲೆ ಹೆಂಡತಿ ಶಶಿರೇಖ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಕ್ಯಾಮೆರಾವನ್ನು ಎದುರಿಗಿಟ್ಟುಕೊಂಡು, ಮೊಬೈಲನ್ನು ಕೈಯಲ್ಲಿ ಹಿಡಿದು, ಇವತ್ತು ಇದರ ಹುಟ್ಟಡಗಿಸಿಯೇ ಏಳುವುದು ಅನ್ನುವ ಹಾಗೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಅವಳು ಏಳುವ ತನಕ ಇವನು ಮಲಗುವ ಹಾಗಿಲ್ಲ. ಮಲಗಿದರೂ ನಿದ್ದೆ ಬರುವುದಿಲ್ಲ, ಅದು ಬೇರೆ ಮಾತು. ಗಾಡಿ ಓಡಿಸುವಾಗ ಬೇಡ ಬೇಡ ಅಂದರೂ ರೆಪ್ಪೆಯ ಮೇಲೆ ಬಂದು ಕೂರುವ ನಿದ್ದೆ, ಚಾಪೆ ಹಾಸಿದ ಮೇಲೆ ಎಲ್ಲಿಗೆ ಹಾಳಾಗಿ ಹೋಗುತ್ತದೋ ದೇವರಿಗೇ ಗೊತ್ತು.

"ಸೈಡ್ ಬಟನ್ ಒತ್ತಿ ಹಿಡ್ಕೋಬೇಕು ಅಂದ ಚಲಪತಿ. ಹಿಡ್ಕೊಂಡೆ. ನೀಲಿ ಲೈಟು ಮಿಣುಕ್ತಾ ಇದೆ. ಈಗ ಮೊಬೈಲಲ್ಲಿ ಇದರ ವೈಫೈ ಹುಡುಕ್ಬೇಕು," ಎಂದು ಶಶಿರೇಖ ತನಗೆ ತಾನೇ ಪಾಠ ಒಪ್ಪಿಸಿಕೊಂಡಳು.

ಅವಳು ಅದೇ ಊರಿನ ಅಂಗನವಾಡಿ ಟೀಚರ್. ಹಗಲೆಲ್ಲ ಮಕ್ಕಳ ಮೂಗು ಒರೆಸಿ, ಅನ್ನ ಬಡಿಸಿ, ಅವುಗಳ ತೂಕ ಎತ್ತರವನ್ನೆಲ್ಲ ಮೊಬೈಲಿಗೆ ತುಂಬಿಸಿ, ಆ ಮೊಬೈಲು ನೆಟ್‌ವರ್ಕ್ ಇಲ್ಲ ಎಂದು ಎಲ್ಲವನ್ನೂ ನುಂಗಿಬಿಟ್ಟಾಗ ಮತ್ತೆ ಮೊದಲಿನಿಂದ ತುಂಬಿಸಿ ಬಂದವಳು. ಕಣ್ಣ ಕೆಳಗೆ ಕಪ್ಪಾಗಿತ್ತು. ಆದರೂ ಗಂಡನ ಮೇಲೆ ಬಂದ ಅಪವಾದ ಕಳೆಯುವ ತನಕ ಅವಳಿಗೆ ಬೆನ್ನು ನೆಲಕ್ಕೆ ತಾಗುವಂತಿರಲಿಲ್ಲ.

ಅಪವಾದ ಇಷ್ಟೇ. ಮೊನ್ನೆ ಬೆಳಿಗ್ಗೆ ಊರಾಚೆ ನೀಲಗಿರಿ ತೋಪಿನ ತಿರುವಿನಲ್ಲಿ ಗಂಗರತ್ನಮ್ಮನ ಹಸು ಸೊಂಟ ಮುರಿದು ಬಿದ್ದಿತ್ತು. ಹಣೆಯ ಮೇಲೆ ಬಿಳಿ ಬೊಟ್ಟಿದ್ದ ಹಸು, ಹೆಸರು ಚುಕ್ಕಿ. ದನದ ಡಾಕ್ಟರು ಬಂದು ನೋಡಿ, ತಲೆ ಅಲ್ಲಾಡಿಸಿ, ಒಂದು ಸೂಜಿ ಚುಚ್ಚಿ ಹೋದರು. ಮಾರನೇ ದಿನಕ್ಕೆ ಚುಕ್ಕಿ ಇಲ್ಲ. ಗಂಡನಿಲ್ಲದ ಗಂಗರತ್ನಮ್ಮನಿಗೆ ಮಗ ಅಂದರೂ ಅದೇ, ಜಮೀನು ಅಂದರೂ ಅದೇ. ಅವಳು ರಸ್ತೆಯಲ್ಲೇ ಕೂತು, ಆ ಹೊತ್ತಿಗೆ ತೋಪಿನ ಕಡೆಯಿಂದ ಬಂದ ಗಾಡಿ ಕದಿರಪ್ಪನದೊಂದೇ, ಗುದ್ದಿದವನು ಅವನೇ ಎಂದು ಊರಿಗೆಲ್ಲ ಕೇಳುವಂತೆ ಹೇಳಿದಳು.

ಕದಿರಪ್ಪ ನಾನಲ್ಲ ಅಂದ. ಗುದ್ದಿದ್ದು ಯಾರಿಗೂ ಕಂಡಿರಲಿಲ್ಲ. ಅವನ ಗೂಡ್ಸ್ ಆಟೋದ ಮೂತಿಯನ್ನು ನಾಲ್ಕು ಜನ ಬಗ್ಗಿ ನೋಡಿದರು. ಮೂರು ಕೈ ದಾಟಿ ಇವನ ಹತ್ತಿರ ಬಂದ ಗಾಡಿ ಅದು. ಮೈಯೆಲ್ಲ ನೆಗ್ಗು. ಅದರಲ್ಲಿ ಹೊಸ ನೆಗ್ಗು ಯಾವುದು, ಹಳೆಯದು ಯಾವುದು ಎಂದು ಆರಿಸುವುದಕ್ಕೆ ಯಾರಿಂದಲೂ ಆಗಲಿಲ್ಲ. ಕೊನೆಗೆ ಊರಿನ ಹಿರಿಯ ದೊಡ್ಡವೆಂಕಟಪ್ಪ, "ನಾಳೆ ಬೆಳಗ್ಗೆ ಮುನೇಶ್ವರನ ಗುಡಿ ಮುಂದೆ ಕದಿರಪ್ಪ ಕರ್ಪೂರ ಆರಿಸ್ಬಿಡ್ಲಿ. ಅಲ್ಲಿಗೆ ಮಾತು ಮುಗೀತು," ಅಂದ. ಕರ್ಪೂರ ಹಚ್ಚಿ, ನಾನು ಮಾಡಿಲ್ಲ ಎಂದು ಹೇಳಿ, ಅಂಗೈಯಿಂದ ಬಡಿದು ಆರಿಸುವುದು. ಸುಳ್ಳಾಡಿ ಆರಿಸಿದವರ ಮನೆಯ ದೀಪವೂ ಹಾಗೇ ಆರುತ್ತದೆ ಎಂಬ ಹೆದರಿಕೆ ಆ ಕಡೆಯವರಿಗೆ ಈಗಲೂ ಇದೆ. ಕರ್ಪೂರ ಆರಿಸಿದವನ ಮೇಲೆ ಆಮೇಲೆ ಯಾರೂ ಬಾಯಿ ಬಿಡುವ ಹಾಗಿಲ್ಲ.

ಆಗಲೇ ಶಶಿರೇಖ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ಬಂದದ್ದು. "ಕರ್ಪೂರ ಯಾಕೆ ಆರಿಸ್ಬೇಕು? ಗಾಡಿ ಗಾಜಿಗೆ ಕ್ಯಾಮೆರಾ ಹಾಕಿದೀವಿ. ಗಾಡಿ ಹೋದಲ್ಲೆಲ್ಲ ಅದು ಹಿಡ್ಕೊಂಡಿರತ್ತೆ. ನಾಳೆ ಎಲ್ಲಾರಿಗೂ ತೋರಿಸ್ತೀವಿ, ನೋಡಿ ಕಣ್ತುಂಬ." ಜನ ಹೌದಲ್ಲ ಅಂದುಕೊಂಡರು. ಗಂಗರತ್ನಮ್ಮನೂ ಬಾಯಿ ಮುಚ್ಚಿದಳು. ಕದಿರಪ್ಪ ಮಾತ್ರ ಗುಂಪಿನಿಂದ ಹಿಂದೆ ಸರಿದು ಗಾಡಿಯ ಮರೆಗೆ ಹೋಗಿ ನಿಂತ.

ಯಾಕೆಂದರೆ ಗುದ್ದಿದೆನೋ ಇಲ್ಲವೋ ಅವನಿಗೇ ಗೊತ್ತಿರಲಿಲ್ಲ.

ಮೊನ್ನೆ ಅವನು ನಸುಕಿಗೆ ಮುಂಚೆ ಎದ್ದು, ಊರಿನ ಬದನೆ, ಬೀನ್ಸು, ಕೊತ್ತಂಬರಿಯನ್ನೆಲ್ಲ ತುಂಬಿಕೊಂಡು ಮಾರಿಕುಪ್ಪಂಗೆ ಹೋಗಿದ್ದ. ಅಲ್ಲಿ ಇಳಿಸಿ, ಹಳೆಯ ಚಿನ್ನದ ಗಣಿಯ ಕಡೆ ಮೈಸೂರು ಮೈನ್ಸಿನ ಅಂಗಡಿಗಳಿಗೆ ಉಳಿದದ್ದನ್ನು ಕೊಟ್ಟು, ಖಾಲಿ ಕ್ರೇಟು ಹಾಕಿಕೊಂಡು ವಾಪಸ್ಸು ಹೊರಟಿದ್ದ. ಹಿಂದಿನ ದಿನ ಬಂಗಾರಪೇಟೆಗೆ ಎರಡು ಸಲ ಬಾಡಿಗೆ ಹೊಡೆದಿದ್ದ, ಅದರ ಹಿಂದಿನ ದಿನ ಮದುವೆ ಮನೆಯೊಂದರ ಸಾಮಾನು ಸಾಗಿಸಿದ್ದ. ತೋಪು ಶುರುವಾದದ್ದು ಅವನಿಗೆ ನೆನಪಿದೆ. ಒಂದು ಕುಲುಕು ನೆನಪಿದೆ. ಆಮೇಲೆ ನೆನಪಿರುವುದು ಊರ ಬಾಗಿಲ ಅರಳಿಮರ. ನಡುವೆ ಏನೂ ಇಲ್ಲ, ಬಳಿದಿಟ್ಟ ಹಾಗೆ ಖಾಲಿ.

ಈ ಮಾತನ್ನು ಅವನು ಹೆಂಡತಿಗೆ ಹೇಳಿರಲಿಲ್ಲ. ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಅವಳು, "ನೀವು ತಲೆ ಕೆಡಿಸ್ಕೋಬೇಡಿ, ನಾನಿದೀನಲ್ಲ," ಅನ್ನುತ್ತಿದ್ದಳು. ಅಷ್ಟು ನಂಬಿಕೆ ಇಟ್ಟವರ ಎದುರು ಬಾಯಿ ಬಿಡುವುದು ಕಷ್ಟ. ಅದಕ್ಕೇ ಅವನು ನಾಳೆಗೆಂದು ಒಂದು ಮಾತನ್ನು ಮನಸ್ಸಿನಲ್ಲಿ ತಿಕ್ಕಿ ತಿಕ್ಕಿ ಇಟ್ಟುಕೊಂಡಿದ್ದ: ನಾನು ಅಸ ನೋಡ್ಲಿಲ್ಲ. ಅದಂತೂ ಸುಳ್ಳಲ್ಲ. ಹಸುವನ್ನು ನೋಡಲಿಲ್ಲ ಎಂದು ಹೇಳಿ ಕರ್ಪೂರ ಆರಿಸಿದರೆ ಮುನೇಶ್ವರನಾದರೂ ಏನು ಮಾಡಿಯಾನು?

"ಬಂತು ನೋಡಿ," ಅಂದಳು ಶಶಿರೇಖ. ಮೊಬೈಲಿನಲ್ಲಿ ವೈಫೈಗಳ ಹೆಸರು ಸಾಲಾಗಿ ಬಂದಿದ್ದವು. ಅಂಗಡಿಯವನದೊಂದು, ಡೈರಿಯದೊಂದು, ಕೆಳಗೆ ಇಂಗ್ಲಿಷಿನಲ್ಲಿ 'ಚಲಪತಿ ರೈಡರ್' ಎಂದೊಂದು. ಚಲಪತಿ ಅಂದರೆ ಕ್ಯಾಮೆರಾ ಮಾರಿದವನು, ಬಂಗಾರಪೇಟೆಯ ಹುಡುಗ. ಹೆಲ್ಮೆಟ್ಟಿಗೆ ಇದನ್ನು ಸಿಕ್ಕಿಸಿಕೊಂಡು ಬೈಕಿನಲ್ಲಿ ಬೆಟ್ಟ ಹತ್ತುತ್ತಿದ್ದ. ಮದುವೆಯಾದ ಮೇಲೆ ಬೈಕನ್ನೂ ಕ್ಯಾಮೆರಾವನ್ನೂ ಬಿಟ್ಟ. ಕದಿರಪ್ಪ ಗಾಡಿ ಕೊಂಡ ಹೊಸದರಲ್ಲಿ ಇದನ್ನೂ ತಂದು ಗಾಜಿಗೆ ಅಂಟಿಸಿದ್ದ. ಅಂದಿನಿಂದ ಅದು ಗಾಡಿ ಸ್ಟಾರ್ಟಾದರೆ ಹಿಡಿಯುತ್ತದೆ, ನಿಂತರೆ ನಿಲ್ಲುತ್ತದೆ. ಹಿಡಿದದ್ದನ್ನು ತೆಗೆದು ನೋಡುವ ಪುರುಸೊತ್ತು ಯಾರಿಗಿತ್ತು.

ಬಿಸಿಲಿಗೆ ಅದರ ಬ್ಯಾಟರಿ ಉಬ್ಬಿ ಮುಚ್ಚಳ ಕಚ್ಚಿಕೊಂಡುಬಿಟ್ಟಿತ್ತು. ಒಳಗಿನ ಕಾರ್ಡು ತೆಗೆಯುವ ಹಾಗಿಲ್ಲ. ಮುರಿದರೆ ಕಾರ್ಡೂ ಮುರಿಯುತ್ತದೆ ಎಂದು ಬಂಗಾರಪೇಟೆಯ ಮೊಬೈಲ್ ಅಂಗಡಿಯವನು ಕೈ ಚೆಲ್ಲಿದ್ದ. ಹಿಂದಿನ ಸಣ್ಣ ಸ್ಕ್ರೀನು ಯಾವತ್ತೋ ಕಪ್ಪಾಗಿ ಹೋಗಿತ್ತು. ಉಳಿದದ್ದು ಇದೊಂದೇ ದಾರಿ, ಚಾರ್ಜರಿಗೆ ಸಿಕ್ಕಿಸಿ, ವೈಫೈ ಹಾಕಿ, ಮೊಬೈಲಿಗೆ ಜೋಡಿಸಿ ನೋಡುವುದು.

"ಪಾಸ್‌ವರ್ಡ್ ಕೇಳ್ತಾ ಇದೆ," ಎಂದು ಶಶಿರೇಖ ಒಂದರಿಂದ ಎಂಟರವರೆಗೆ ಒತ್ತಿದಳು. ಎಲ್ಲ ಕ್ಯಾಮೆರಾಗಳಿಗೂ ಮೊದಲು ಅದೇ ಇರುತ್ತದೆ ಎಂದು ಅಂಗಡಿಯವನು ಹೇಳಿದ್ದ. ತಪ್ಪು ಅಂದಿತು. ಚಲಪತಿಗೆ ಫೋನು ಹೋಯಿತು.

"ಅಕ್ಕಾ, ನಂದಿದ್ದ ಪಾಸ್‌ವರ್ಡ್ ಆವತ್ತೇ ತೆಗ್ಸಿದ್ನಲ್ಲ," ಅಂದ ಅವನು ಸ್ಪೀಕರಿನಲ್ಲಿ. "ಅಣ್ಣಯ್ಯನ ಕೈಲೇ ಒಸ್ದಾಗಿ ಆಕ್ಸಿದ್ದೆ. ಏನ್ ಆಕಿದ್ರೋ ನಾನ್ ನೋಡ್ಲಿಲ್ಲ. ಓಗ್ಲಿ, ಅಣ್ಣಯ್ಯನ್ನೇ ಕೇಳಿ."

ಶಶಿರೇಖ ಗಂಡನ ಕಡೆ ತಿರುಗಿದಳು. ಕದಿರಪ್ಪ ಕಂಬಕ್ಕೆ ಒರಗಿ ಕಣ್ಣು ಮುಚ್ಚಿಕೊಂಡು ಯೋಚಿಸಿದ. ನಿಜವಾಗಿಯೂ ಯೋಚಿಸಿದ, ಆ ಹೊತ್ತಿನಲ್ಲಿ ಕಳ್ಳತನವೇನಿರಲಿಲ್ಲ.

"ಒಸ ಗಾಡಿ," ಅಂದ.

"ಹೊಸಗಾಡಿ," ಎಂದು ಅವಳು ಟೈಪಿಸಿದಳು. ತಪ್ಪು. ಮೊದಲ ಅಕ್ಷರ ದೊಡ್ಡದು ಮಾಡಿದಳು. ತಪ್ಪು. ಎಲ್ಲವನ್ನೂ ದೊಡ್ಡದು ಮಾಡಿದಳು. ಕೊನೆಗೆ ಒಂದು ಸೇರಿಸಿದಳು, ಗಾಡಿಯ ನಂಬರು ಸೇರಿಸಿದಳು. ತಪ್ಪು, ತಪ್ಪು. ಕ್ಯಾಮೆರಾ ಬಿಸಿಯಾಗಿ ತಾನೇ ಆಫ್ ಆಯಿತು. ಸೆರಗಿನಿಂದ ಗಾಳಿ ಹಾಕಿ, ತಣಿಸಿ, ಮತ್ತೆ ಬಟನ್ ಒತ್ತಿ ಹಿಡಿದಳು.

"ಸರಿಯಾಗಿ ನೆನಪು ಮಾಡ್ಕೊಳ್ರಿ. ಬೇರೆ ಏನಾದ್ರೂ ಹಾಕಿದ್ರಾ?"

"ಒಸ ಗಾಡಿನೇ ಕಣೇ. ಗಾಡಿ ತಂದ್ ವಾರ ಅದು. ಬಾಯ್ ಬಿಟ್ರೆ ಅದೇ ಬತ್ತಿತ್ತು."

"ಮತ್ತೆ ಯಾಕೆ ತಗೊಳ್ತಿಲ್ಲ ಈ ಶನಿ? ನೋಡಿ, ನಿಮ್ಮೆದುರಿಗೇ ಹಾಕ್ತೀನಿ. ಹೆಚ್, ಓ, ಎಸ್, ಎ..."

ಹೆಚ್ ಅನ್ನುವ ಆ ಅಕ್ಷರ ಕಿವಿಗೆ ಬಿದ್ದಾಗ ಕದಿರಪ್ಪನಿಗೆ ಎಚ್ಚರವಾಯಿತು. ಚಲಪತಿಯ ಮನೆಯ ಮುಂದಿನ ಕಟ್ಟೆ ಕಣ್ಣಿಗೆ ಬಂತು. ಹೆಬ್ಬೆರಳಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತಿದ್ದ. ಓ, ಎಸ್, ಎ, ಜಿ, ಎ, ಡಿ, ಐ. ಎಂಟಕ್ಷರ ಬೇಕು, ಒಂದು ಕಡಿಮೆ ಎಂದು ಅದು ತಕರಾರು ಮಾಡಿತ್ತು. ಗಾಡಿಯ ಗಾ ದೀರ್ಘ ಅಲ್ಲವೇ ಎಂದು ಇನ್ನೊಂದು ಎ ತುರುಕಿದ್ದ. ಹೆಚ್ ಎಲ್ಲಿಂದ ಬರಬೇಕು? ಹುಟ್ಟಿದಾಗಿನಿಂದ ಅವನ ಬಾಯಲ್ಲಿ ಬರದ ಅಕ್ಷರ ಬೆರಳಿನಲ್ಲಿ ಹೇಗೆ ಬಂದೀತು? ಅವನು ಒಸ ಅಂದರೆ ಅವಳ ಕಿವಿ ಅದನ್ನು ತಾನೇ ತಿದ್ದಿ ಹೊಸ ಎಂದು ಕೇಳಿಸಿಕೊಳ್ಳುತ್ತದೆ. ಟೀಚರಮ್ಮನ ಕಿವಿ.

ಹೇಳುವುದಕ್ಕೆ ಬಾಯಿ ತೆರೆದ. ಮುಚ್ಚಿದ.

ಹೇಳದಿದ್ದರೆ ಇದು ಈ ಜನ್ಮದಲ್ಲಿ ತೆರೆಯುವುದಿಲ್ಲ. ಪಾಸ್‌ವರ್ಡ್ ಮರೆತುಹೋಗಿದೆ ಎಂದರೆ ಊರು ನಂಬುತ್ತದೆ. ಯಾರು ತಾನೇ ಮರೆತಿಲ್ಲ? ಬೆಳಿಗ್ಗೆ ಕರ್ಪೂರದ ಮುಂದೆ ತಿಕ್ಕಿಟ್ಟ ಆ ಮಾತು ಹೇಳಿದರೆ ಮುಗಿಯಿತು. ಗಾಡಿ ಓಡುತ್ತದೆ, ಊರಿನವರು ತರಕಾರಿ ಹಾಕುತ್ತಾರೆ, ಶಶಿರೇಖ ತಲೆಯೆತ್ತಿ ಅಂಗನವಾಡಿಗೆ ಹೋಗುತ್ತಾಳೆ. ಬಾಡಿಗೆ ಗಾಡಿಯವನು ನಿದ್ದೆಯಲ್ಲಿ ಓಡಿಸುತ್ತಾನೆ ಎಂದು ಗೊತ್ತಾದರೆ ಅವನ ಪಕ್ಕ ಯಾರು ಮಗುವನ್ನು ಕೂರಿಸುತ್ತಾರೆ? ಅಯ್ಯೋ, ಎಷ್ಟು ಸುಲಭ. ಸುಮ್ಮನೆ ಕೂತರೆ ಸಾಕು. ಮೈ ಬೇರೆ ಸೋತಿತ್ತು, ಸುಮ್ಮನೆ ಕೂರುವುದು ಬಿಟ್ಟು ಬೇರೇನೂ ಅದಕ್ಕೆ ಬೇಕಿರಲಿಲ್ಲ.

"ಅನ್ನಕ್ಕಿಟ್ಟು ಬರ್ತೀನಿ. ಅಷ್ಟರೊಳಗೆ ಜ್ಞಾಪಿಸ್ಕೊಳ್ಳಿ," ಎಂದು ಶಶಿರೇಖ ಮೊಣಕಾಲು ಹಿಡಿದುಕೊಂಡು ಎದ್ದು ಒಳಗೆ ಹೋದಳು.

ಸಂಜೆ ಡೈರಿಗೆ ಹಾಲು ಹಾಕುವ ಹೊತ್ತು. ಬೀದಿಯಲ್ಲಿ ಕ್ಯಾನು ಹಿಡಿದ ಹೆಂಗಸರು ಹೋಗುತ್ತಿದ್ದರು. ಅವರ ಎದುರು ದಿಕ್ಕಿನಿಂದ, ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತುಕೊಂಡು ಗಂಗರತ್ನಮ್ಮ ಬಂದಳು. ಬೀದಿಯ ಹೆಂಗಸರು ಅವಳನ್ನು ನೋಡಿ ಮಾತು ನಿಲ್ಲಿಸಿದರು. ಅವಳು ನೇರ ಕದಿರಪ್ಪನ ಅಂಗಳಕ್ಕೆ ಬಂದು, ಮೂಲೆಯಲ್ಲಿ ಕಟ್ಟಿದ್ದ ಅವನ ಪಡ್ಡೆಯ ಮುಂದೆ ಹೊರೆಯನ್ನು ದೊಪ್ಪೆಂದು ಹಾಕಿದಳು. ಪಡ್ಡೆ ಅಂದರೆ ಇನ್ನೂ ಕರು ಹಾಕದ ಹರೆಯದ ಹಸು. ಅದು ಮೂತಿ ಚಾಚಿತು.

ಕದಿರಪ್ಪ ಎದ್ದು ನಿಂತ. "ಏನಕ್ಕಾ ಇದು?"

"ಉಲ್ಲು. ಕಣ್ ಕಾಣಲ್ವಾ?" ಅಂದಳು ಗಂಗರತ್ನಮ್ಮ. ಅವನ ಮುಖ ನೋಡಲಿಲ್ಲ. "ಮದ್ಯಾನ ಕುಡ್ಗೋಲ್ ತಕೊಂಡ್ ಓದೋಳು ಕುಯ್ಕೊಂಡೇ ಬಂದ್ಬಿಟ್ಟೆ. ಮನೆ ತಾವ ಇಳಿಸಕ್ ಓದ್ರೆ ತಿನ್ನಕ್ ಯಾರವ್ರೆ? ಒಣಗೋಗ್ತದೆ. ನಿನ್ ಪಡ್ಡೆ ತಿನ್ಲಿ."

"ಅಕ್ಕಾ, ನನ್ ಮ್ಯಾಲೆ ಅಷ್ಟ್ ಕ್ವಾಪ ಇಟ್ಕೊಂಡು..."

"ಕ್ವಾಪ ಐತೆ. ನಾಳೆ ಗುಡಿ ತಾವ ಮಾತಾಡ್ತೀನಿ. ಆ ಮಾತ್ ಬ್ಯಾರೆ, ಉಲ್ ಬ್ಯಾರೆ." ತಲೆಯ ಸಿಂಬೆಯನ್ನು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದಳು.

ಕದಿರಪ್ಪ ಅಲ್ಲೇ ನಿಂತಿದ್ದ. ಪಡ್ಡೆ ಹಸಿ ಹುಲ್ಲನ್ನು ಎಳೆದು ಎಳೆದು ತಿನ್ನುತ್ತಿತ್ತು, ಅದಕ್ಕೇನು ಗೊತ್ತು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಮಣ್ಣು ತೂರಿ ಶಾಪ ಹಾಕಿದ್ದರೂ, ಇವಳ ಬಾಯಿಗಿಷ್ಟು ಎಂದು ಸಿಟ್ಟು ಮಾಡಿಕೊಂಡು ಬೆಳಿಗ್ಗೆ ಕರ್ಪೂರ ಆರಿಸಿಬಿಡುತ್ತಿದ್ದ. ಈ ಹುಲ್ಲನ್ನು ಇಟ್ಟುಕೊಂಡು ಏನು ಮಾಡುವುದು? ಅವನಿಗೆ ನಾಚಿಕೆಯಾಯಿತು. ಮತ್ತೆ ಹೋಗಿ ಜಗಲಿಯ ಮೇಲೆ ಕೂತ.

ಶಶಿರೇಖ ಕೈ ಒರೆಸಿಕೊಳ್ಳುತ್ತಾ ಬಂದಳು. "ನೆನಪಾಯ್ತಾ?"

"ಲೇ ಶಶಿ. ಅದ್ರಾಗೆ ನಿನ್ ಎಚ್ ಇಲ್ಲ ಕಣೇ."

"ಏನಿಲ್ಲ?"

"ನೀನ್ ಮಕ್ಳಿಗೆ ಯೇಳ್ಕೊಡ್ತೀಯಲ್ಲ, ಆ ಅಕ್ಷರ. ನಾನ್ ಒಸ ಅಂತೀನಿ. ಒಸ ಅಂತ್ಲೇ ಒತ್ತಿದ್ದೆ. ಓ ಇಂದ ಶುರು ಮಾಡು. ಗಾ ಕ್ಕೆ ಎರಡ್ ಎ."

ಶಶಿರೇಖ ಅವನನ್ನೇ ನೋಡಿದಳು. "ಮದುವೆ ಆದಾಗಿಂದ ಬಾಯಿ ನೋಯಿಸ್ಕೊಂಡೆ, ಹ ಅನ್ರೀ, ಹ ಅನ್ರೀ ಅಂತ. ಅಂಗನವಾಡಿ ಮಕ್ಕಳೂ ಅಷ್ಟೇ, ಚಾರ್ಟಲ್ಲಿ ಹಸು ತೋರಿಸಿದ್ರೆ ಅಸ ಅಂತಾವೆ. ಎಲ್ಲಾ ನಿಮ್ಮ ವಂಶವೇ." ಬೈಯುತ್ತಲೇ ಟೈಪಿಸಿದಳು. ಮೊಬೈಲು ಸ್ವಲ್ಪ ಹೊತ್ತು ಯೋಚಿಸಿತು. ತಪ್ಪು ಅನ್ನಲಿಲ್ಲ.

ಕದಿರಪ್ಪ ಮೊಬೈಲಿನ ಹತ್ತಿರಕ್ಕೆ ಬಗ್ಗಿದ.

ಆದರೆ ಆ ಸಾಧನಕ್ಕೆ ಇನ್ನೂ ಆಟ ಆಡಿಸುವುದಿತ್ತು. ಮೊಬೈಲು ಕನ್ನಡದಲ್ಲೇ ಕೇಳಿತು: 'ಚಲಪತಿ ರೈಡರ್' ನೆಟ್‌ವರ್ಕ್‌ನಲ್ಲಿ ಇಂಟರ್ನೆಟ್ ಇಲ್ಲ. ಸಂಪರ್ಕದಲ್ಲೇ ಇರಬೇಕೇ? ಇಂಟರ್ನೆಟ್ ಇಲ್ಲ ಅನ್ನುವ ಮಾತು ಕಂಡರೆ ಅಂಗನವಾಡಿ ಟೀಚರಿಗೆ ಮೈ ಉರಿಯುತ್ತದೆ. ಅಭ್ಯಾಸಬಲ, ಬೆರಳು ತಾನಾಗಿ ಹೋಗಿ 'ಬೇಡ' ಒತ್ತಿಬಿಟ್ಟಿತು. ಸಂಪರ್ಕ ಕಡಿಯಿತು. ಮತ್ತೆ ಜೋಡಿಸಿದಳು, ಮೊಬೈಲು ಅವಳನ್ನು ಕೇಳದೇ ಸಿಮ್ಮಿನ ಇಂಟರ್ನೆಟ್ಟಿಗೆ ಹಾರಿತು. ಅದನ್ನು ಆಫ್ ಮಾಡಿ ಮತ್ತೆ ಜೋಡಿಸಿದಳು. ಮತ್ತೆ ಅದೇ ಪ್ರಶ್ನೆ. "ಇಂಟರ್ನೆಟ್ ಇಲ್ದೆ ಎಂಥದ್ದು ವೈಫೈ ಇದು?" ಎಂದು ಗೊಣಗಿಕೊಂಡಳು.

"ಇದ್ರಾಗಿರೋದು ಇಂಟರ್ನೆಟ್ನಾಗಿಲ್ಲ ಕಣೇ," ಅಂದ ಕದಿರಪ್ಪ. "ಇರ್ಬೇಕು ಅಂತ ಒತ್ತು."

ಒತ್ತಿದಳು. ಆ್ಯಪಿನಲ್ಲಿ ಸಣ್ಣ ಸಣ್ಣ ಚೌಕಗಳು ತುಂಬಿಕೊಂಡವು. ಎಲ್ಲದರಲ್ಲೂ ರಸ್ತೆ, ರಸ್ತೆ, ರಸ್ತೆ. ಅವನ ಬದುಕಿನ ಇಷ್ಟು ದಿನಗಳೂ ಅಲ್ಲಿ ಒಂದೇ ಥರ ಕಾಣುತ್ತಿದ್ದವು. ಮೊನ್ನೆಯದನ್ನು ಹುಡುಕಿ ಶಶಿರೇಖ ಬೆರಳಿಟ್ಟಳು, ಗಂಡನಿಗೂ ಕಾಣಲಿ ಎಂದು ಪಕ್ಕಕ್ಕೆ ಸರಿದು ಕೂತಳು.

ಮೈನ್ಸಿನ ಬೂದು ಮಣ್ಣಿನ ದಿಬ್ಬ ಹಿಂದಾಯಿತು. ರೈಲ್ವೆ ಗೇಟು ಹೋಯಿತು. ಬೆಳಗಿನ ಬಿಸಿಲು ಗಾಜಿನ ಮೇಲೆ ಬಿದ್ದಿತ್ತು. ಇಂಜಿನ್ನಿನ ಸದ್ದು, ಹಿಂದೆ ಖಾಲಿ ಕ್ರೇಟುಗಳ ಕಟಕಟ. ತೋಪು ಶುರುವಾಗುವಾಗ ಅವೆರಡರ ನಡುವೆ ಇನ್ನೊಂದು ಸದ್ದು ಕೇಳಿಸಿತು, ಎಳೆದು ಎಳೆದು ಬಿಡುವ ಗರಗರ.

ಶಶಿರೇಖಳಿಗೆ ನಗು ಬಂತು. "ನಿಮ್ಮ ಗೊರಕೆ ಅಲ್ವೇನ್ರಿ ಇದು," ಅಂದಳು. ದಿನಾ ಪಕ್ಕದಲ್ಲಿ ಕೇಳುವ ಸದ್ದು, ಗುರುತು ಸಿಗದೇ ಇರುತ್ತದೆಯೇ. ಅಂದ ಮೇಲೆ ಆ ನಗು ಅವಳ ಮುಖದ ಮೇಲೇ ಹಾಗೇ ನಿಂತುಬಿಟ್ಟಿತು.

ಎಡಗಡೆಯ ಮರಗಳ ನಡುವಿನಿಂದ ಚುಕ್ಕಿ ಬಂತು. ಕುತ್ತಿಗೆಯ ಹಗ್ಗ ನೆಲದಲ್ಲಿ ಎಳೆದಾಡುತ್ತಿತ್ತು, ಅದರ ತುದಿಯಲ್ಲಿ ಕಿತ್ತುಕೊಂಡು ಬಂದ ಗೂಟ. ತಲೆ ತೂಗಿಕೊಂಡು, ಯಾವ ಅವಸರವೂ ಇಲ್ಲದೆ ರಸ್ತೆಯ ಅಂಚಿಗೆ ಬಂದು ನಿಂತು ಗಾಡಿಯ ಕಡೆ ನೋಡಿತು. ಗಾಡಿ ನಿಲ್ಲಲಿಲ್ಲ, ಮೆಲ್ಲಗೆ ಎಡಕ್ಕೆ ವಾಲುತ್ತಾ ಹೋಯಿತು. ದಡ್ ಎಂದಿತು. ಚಿತ್ರ ನಡುಗಿತು. ಗೊರಕೆ ನಿಂತಿತು.

"ಅಂಪ್ಸು," ಎಂದಿತು ಮೊಬೈಲಿನೊಳಗಿನ ಕದಿರಪ್ಪನ ನಿದ್ದೆಗಣ್ಣಿನ ದನಿ. ಗೇರು ಬದಲಾದ ಸದ್ದು. ಗಾಡಿ ಮುಂದೆ ಹೋಯಿತು.

ಶಶಿರೇಖ ನಿಲ್ಲಿಸಿದಳು. ಒಳಗೆ ಅನ್ನ ಕುದಿದು ಮುಚ್ಚಳ ತಟ್ಟುತ್ತಿತ್ತು.

"ಆ ತಿರುವಲ್ಲಿ ಹಂಪ್ಸ್ ಎಲ್ಲಿದೆ ರೀ?"

"ಇಲ್ಲ. ಇಸ್ಕೂಲ್ ತಾವ ಇರೋದು."

"ನಿಮಗೆ ಗೊತ್ತಿತ್ತಾ?"

"ಅನುಮಾನ ಇತ್ತು. ಕಣ್ ಅತ್ಕೊಂಡಿದ್ದು ಗೊತ್ತಿತ್ತು."

"ಗೊತ್ತಿದ್ದೂ ನನ್ನ ಊರ ಮುಂದೆ ಕುಣಿಯೋಕೆ ಬಿಟ್ರಿ," ಅಂದಳು ಅವಳು. ದನಿ ಏರಿಸಲಿಲ್ಲ, ಏರಿಸುವ ತ್ರಾಣವೂ ಅವಳಲ್ಲಿ ಉಳಿದಿರಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು ಹರಿಯದೆ ಅಲ್ಲೇ ನಿಂತಿತ್ತು. ಚಿತ್ರದ ಕೆಳಗೆ ಕಸದ ಬುಟ್ಟಿಯ ಸಣ್ಣ ಗುರುತಿತ್ತು. ಅವಳ ಬೆರಳು ಅದರ ಹತ್ತಿರ ಸುಳಿದಾಡಿತು. "ಪಾಸ್‌ವರ್ಡ್ ಸಿಗಲೇ ಇಲ್ಲ ಅಂತ ಹೇಳ್ಬಹುದು," ಅಂದಳು ಅವನ ಕಡೆ ನೋಡದೆ.

"ಯೇಳ್ಬೌದು," ಅಂದ ಕದಿರಪ್ಪ. "ಆದ್ರೆ ಕರ್ಪೂರ ಆರಿಸ್ಬೇಕಾದ್ದು ನನ್ ಕೈ ಅಲ್ವಾ. ಇನ್ ಆಗಲ್ಲ ಕಣೇ. ಇದನ್ನ ನಿನ್ ಮೊಬೈಲ್ಗೆ ಇಳಿಸ್ಕೊ. ಅಕ್ಕನ ಮನೆಗೆ ಓಗ್ಬತ್ತೀನಿ."

ಅವಳು ಬೆರಳು ಸರಿಸಿ, ಇಳಿಸಿಕೊಳ್ಳುವ ಬಾಣದ ಗುರುತನ್ನು ಒತ್ತಿದಳು. ಅದು ಇಳಿಯುವ ತನಕ ಒಳಗೆ ಹೋಗಿ ಒಲೆ ಆರಿಸಿ, ಮುಖ ತೊಳೆದುಕೊಂಡು ಬಂದು ಚಪ್ಪಲಿ ಮೆಟ್ಟಿಕೊಂಡಳು. "ನಡೀರಿ. ಮೊಬೈಲ್ ನಿಮಗೆ ಆಪರೇಟ್ ಮಾಡೋಕೆ ಬರಲ್ಲ," ಅಂದಳು.

ಗಂಗರತ್ನಮ್ಮ ಖಾಲಿ ಕೊಟ್ಟಿಗೆಯ ಬಾಗಿಲಲ್ಲಿ ಕೂತಿದ್ದಳು. ಬಲ್ಬು ಹಾಕಿದ್ದಳು, ಯಾರಿಗೆಂದು ಹಾಕಿದ್ದಳೋ. ಬೂದಿ ಹಾಕಿ ಉಜ್ಜಿದ ಹಾಲಿನ ಕ್ಯಾನು ಬೋರಲಾಗಿತ್ತು. ಬಂದವರನ್ನು ನೋಡಿ ಏಳಲಿಲ್ಲ.

ಕದಿರಪ್ಪ ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. "ಅಕ್ಕಾ, ನನ್ ಗಾಡಿನೇ ಕಣಕ್ಕ," ಅಂದ. "ನಿದ್ದೆ ಒಡೀತಿದ್ದೆ. ಅಂಪ್ಸ್ ಅಂದ್ಕೊಂಡೆ."

ಗಂಗರತ್ನಮ್ಮ ಅವನ ಕಡೆ ತಿರುಗಿದಳು. "ಊರ್ ಮುಂದೆ ನನ್ನ ಸುಳ್ಳಿ ಮಾಡ್ದಲ್ಲಾ," ಅಂದಳು. "ಅಸ ಸತ್ತಿದ್ದು ಒಂದ್ ಕಡೆ. ಗಂಡ ಇಲ್ದೋಳು, ಬಾಡಿಗೆ ಗಾಡಿಯೋನ್ ತಾವ ಕಾಸ್ ಕೀಳಕ್ ಬಂದವ್ಳೆ ಅಂತ ಡೈರಿ ತಾವ ಅಂದ್ರು. ನನ್ ಮುಖಕ್ಕೇ ಅಂದ್ರು. ಆಗ ನೀನ್ ಅಲ್ಲೇ ಇದ್ದ್ಯಲ್ಲಾ ಕದಿರಪ್ಪ."

"ಇದ್ದೆ."

"ಬಾಯ್ ಬಿಡ್ಲಿಲ್ಲ."

"ಬಿಡ್ಲಿಲ್ಲ ಅಕ್ಕ. ತಪ್ಪಾಯ್ತು. ನಾಳೆ ಗುಡಿ ಮುಂದೆ ಎಲ್ಲಾರ್ಗೂ ಯೇಳ್ತೀನಿ. ನಮ್ ಪಡ್ಡೆನ ಒಡ್ಕೊಂಡ್ ಬಂದು ಇಲ್ಲಿ ಕಟ್ತೀನಿ." ಪಡ್ಡೆ ಶಶಿರೇಖಳ ತವರಿನಿಂದ ಬಂದದ್ದು. ಅವಳು ಗಂಡನ ಕಡೆಗೊಮ್ಮೆ ನೋಡಿದಳು.

"ಅದು ನಾಳೆ ಮಾತು. ನಾಕ್ ಜನ್ರ ಮುಂದೆ ಯೇಳು," ಅಂದಳು ಗಂಗರತ್ನಮ್ಮ. ಆಮೇಲೆ ಶಶಿರೇಖಳ ಕೈಯಲ್ಲಿದ್ದ ಮೊಬೈಲಿನ ಕಡೆ ಗಲ್ಲ ಎತ್ತಿದಳು. "ಅದ್ರಾಗೆ ಐತಾ?"

"ಬೇಡಕ್ಕ, ನೋಡೋಕಾಗಲ್ಲ," ಅಂದಳು ಶಶಿರೇಖ.

"ತೋರ್ಸು."

ಶಶಿರೇಖ ಅವಳ ಪಕ್ಕ ನೆಲದ ಮೇಲೆ ಕೂತು ಮೊಬೈಲು ಹಿಡಿದಳು. ರಸ್ತೆ ಬಂತು. ಗೊರಕೆ ಬಂತು. ಕದಿರಪ್ಪ ಗೋಡೆಗೆ ಒರಗಿಕೊಂಡು ನೆಲ ನೋಡುತ್ತಿದ್ದ. ಮರಗಳ ನಡುವಿನಿಂದ ಹಸು ಬಂದಾಗ ಗಂಗರತ್ನಮ್ಮ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

"ನಿಲ್ಸು, ನಿಲ್ಸು."

ಶಶಿರೇಖ ನಿಲ್ಲಿಸಿದಳು. ರಸ್ತೆಯಂಚಿನಲ್ಲಿ ಚುಕ್ಕಿ ನಾಲ್ಕು ಕಾಲಿನ ಮೇಲೆ ನಿಂತಿತ್ತು. ಕೊನೆಯ ಎರಡು ದಿನ ಅವಳು ಅದನ್ನು ಬಿದ್ದದ್ದನ್ನೇ ನೋಡಿದ್ದಳು.

"ಗೂಟ ಕಿತ್ಕೊಂಡ್ ಬಂದವ್ಳೆ ನೋಡು ಕಳ್ಳಿ," ಅಂದಳು ಗಂಗರತ್ನಮ್ಮ. ಚಿತ್ರದಲ್ಲಿ ಅದರ ಹಣೆಯ ಬೊಟ್ಟಿದ್ದ ಕಡೆ ಬೆರಳಿಟ್ಟಳು. ಬೆರಳು ತಾಗಿ ಚಿತ್ರ ಮುಂದಕ್ಕೆ ಓಡಲು ಶುರುವಾಯಿತು. ಶಶಿರೇಖ ಗಾಬರಿಯಿಂದ ಹಿಡಿದು ನಿಲ್ಲಿಸಿದಳು.

"ಮುಂದೆ ಬ್ಯಾಡ. ಮೊದ್ಲಿಂದ ಆಕಮ್ಮ. ಅವ್ಳು ನಡ್ಕೊಂಡ್ ಬರ್ತಾಳಲ್ಲ, ಅಷ್ಟ್ ತೋರ್ಸು. ಸಾಕು."

ಶಶಿರೇಖ ಮೊದಲಿನಿಂದ ಹಾಕಿದಳು. ಚುಕ್ಕಿ ತಲೆ ತೂಗಿಕೊಂಡು ನಡೆದು ಬಂತು, ನಿಂತಿತು. ಇನ್ನೊಂದು ಸಲ ಅಂದಳು ಗಂಗರತ್ನಮ್ಮ. ಮತ್ತೆ ಬಂತು, ನಿಂತಿತು. ಪ್ರತಿ ಸಲವೂ ಹಸು ಬರುವುದಕ್ಕೆ ಮುಂಚೆ ಆ ಗರಗರ ಸದ್ದು ಬರುತ್ತಿತ್ತು. ಗಂಡನ ಮುಖ ನೋಡಿದ ಶಶಿರೇಖ ಸದ್ದು ತಗ್ಗಿಸಲು ಹೋದಳು.

"ಸದ್ದಿರ್ಲಿ ಬುಡು," ಎಂದು ಗಂಗರತ್ನಮ್ಮ ಅವಳ ಕೈ ಹಿಡಿದಳು. "ಅವ್ಳ ಕೊರಳ್ ಗಂಟೆ ಕೇಳಿಸ್ತದೆ."

ಮತ್ತೆ ಮೊದಲಿನಿಂದ ಹಾಕಿದರು. ಕದಿರಪ್ಪ ಉಸಿರು ಬಿಗಿಹಿಡಿದು ಆ ಗಂಟೆಗಾಗಿ ಕಿವಿಗೊಟ್ಟ. ಅವನಿಗೆ ಗೊರಕೆಯೊಂದೇ ಕೇಳಿಸಿತು.